ಗಿರಣಿಯ ಡ್ರೈವೂ ನನ್ನ ಭೌತಶಾಸ್ತ್ರವೂ

ಗೊತ್ತಿಲ್ಲದ ವಿಷಯದಲ್ಲಿ ನಾನು ಹೆಚ್ಚು ತಪ್ಪು ಮಾಡಿದವನಲ್ಲ. ಈಜು ಬರುವುದಿಲ್ಲ, ಹಾಗಾಗಿ ಕೃಷ್ಣೆಗೆ ಇಳಿದಿಲ್ಲ. ಅಡುಗೆ ಬರುವುದಿಲ್ಲ, ಹಾಗಾಗಿ ಸಾರು ಕೆಡಿಸಿಲ್ಲ. ನನ್ನ ತಪ್ಪುಗಳೆಲ್ಲ ಚೆನ್ನಾಗಿ ಗೊತ್ತಿರುವ ವಿಷಯಗಳಲ್ಲೇ ಆಗಿವೆ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ವಿದ್ಯುತ್ ಮೋಟಾರಿನ ಪಾಠವನ್ನು ನಿದ್ದೆಯಲ್ಲೂ ಮಾಡಬಲ್ಲೆ. ವಿದ್ಯಾರ್ಥಿಗಳು ಅದನ್ನು ನಿದ್ದೆಯಲ್ಲೇ ಕೇಳುತ್ತಾರೆ ಎಂಬುದು ಬೇರೆ ಮಾತು.

ರಾಯಬಾಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಸುನಂದಾ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅದರ ಮೋಟಾರಿನ ವೇಗವನ್ನು ಹತೋಟಿಯಲ್ಲಿಡಲು ಗೋಡೆಯ ಮೇಲೊಂದು ಡಿಜಿಟಲ್ ಪೆಟ್ಟಿಗೆ ಇದೆ. ಎಲ್ಲರೂ ಅದನ್ನು ಡ್ರೈವ್ ಎನ್ನುತ್ತಾರೆ. ನಾಲ್ಕು ವರ್ಷಗಳ ಹಿಂದೆ ಅದನ್ನು ಕೂಡಿಸಿದವರು ಶೇಡಬಾಳದ ಅಣ್ಣಾಸಾಬ ಮಿಸ್ತ್ರಿ. ಇಡೀ ದಿನ ಕೂತು, ಒಂದೊಂದೇ ಅಂಕಿ ಬದಲಿಸುತ್ತ, ಬೀಸುವ ಕಲ್ಲಿನ ಸದ್ದಿಗೆ ಕಿವಿಗೊಟ್ಟು, ಹಿಟ್ಟನ್ನು ಸುನಂದಾಳ ಅಂಗೈಗೆ ಹಾಕಿ "ಬಿಸಿ ಐತೇನ್ರಿ, ಅಕ್ಕಾರ?" ಎಂದು ಕೇಳಿ ಕೇಳಿ ಹೊಂದಿಸಿದ್ದರು. ಹೊರಡುವಾಗ ನನಗೆ, "ಸರ, ಈ ಸೆಟ್ಟಿಂಗ್ ಬರಕೊಂಡ ಇಡ್ರಿ. ಮುಂದ ನಾ ಇರ್ತೀನೋ ಇಲ್ಲೋ" ಎಂದರು. "ಏನ್ ಮಾತಾಡ್ತೀರಿ ಮಿಸ್ತ್ರಿ" ಎಂದು ನಕ್ಕೆ. ಬರೆದುಕೊಳ್ಳಲಿಲ್ಲ. ಕಳೆದ ತಿಂಗಳು ಅವರು ಕೆಲಸ ಮುಗಿಸಿ ಮನೆಗೆ ಬಂದು ಕೂತವರು ಮತ್ತೆ ಏಳಲಿಲ್ಲವಂತೆ. ಪರೀಕ್ಷೆಯ ಮೇಲ್ವಿಚಾರಣೆ ಇದೆಯೆಂದು ನಾನು ಅಂತ್ಯಕ್ರಿಯೆಗೂ ಹೋಗಲಿಲ್ಲ. ಪರೀಕ್ಷೆ ಇದ್ದದ್ದು ನಿಜ. ನಾನಿಲ್ಲದೆಯೂ ಅದು ನಡೆಯುತ್ತಿತ್ತು ಎಂಬುದೂ ನಿಜ.

ಮೊನ್ನೆ ರವಿವಾರ ಬೆಳಿಗ್ಗೆ ಸುನಂದಾ, "ಹಿಟ್ಟ ಬಿಸಿ ಬರಾಕತ್ತೈತ್ರಿ. ಯಾರರೆ ಮಿಸ್ತ್ರಿ ಸಿಗ್ತಾರೇನ ನೋಡ್ರಿ" ಎಂದಳು.

"ಅದಕ್ಯಾಕ ಮಿಸ್ತ್ರಿ? ನಾ ಇಲ್ಲೇನ? ಸ್ಪೀಡ್ ಸ್ವಲ್ಪ ಇಳಿಸಿದ್ರ ಆತು."

ಡಬ್ಬಿ ಹಿಡಿದು ಕಾಯುತ್ತಿದ್ದ ನಾಲ್ಕೈದು ಹೆಂಗಸರಿಗೆ ಮೊದಲು ಆವರ್ತನ ಎಂದರೇನು ಎಂದು ವಿವರಿಸಿದೆ. ಪಕ್ಕದ ಓಣಿಯ ಗೌರವ್ವಜ್ಜಿ ತಾಳ್ಮೆಯಿಂದ ಕೇಳಿ, "ಸಂಜೀಕ ರೊಟ್ಟಿ ಆಗ್ತಾವೋ ಇಲ್ಲೋ, ಅಷ್ಟ ಹೇಳ್ರಿ ಸರ" ಎಂದಳು. ಆಗ್ತಾವೆ ಎಂದು ಗುಂಡಿಗಳನ್ನು ಒತ್ತತೊಡಗಿದೆ. ಪರದೆ ಮೂರು ಸಲ ಮಿನುಗಿ ಸುಮ್ಮನಾಯಿತು. ಮಿಸ್ತ್ರಿ ಹೊಂದಿಸಿದ್ದೆಲ್ಲ ಅಳಿಸಿಹೋಗಿ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತ್ತು. ಇದು ನನಗೆ ಆಮೇಲೆ ಕೈಪಿಡಿ ಓದಿದಾಗ ತಿಳಿಯಿತು. ಆಗ ತಿಳಿದದ್ದು, ಎಂದಿನ ಸ್ವಿಚ್ಚು ಒತ್ತಿದರೆ ಏನೂ ಆಗುವುದಿಲ್ಲ ಎಂಬುದಷ್ಟೇ. ಡ್ರೈವಿನ ಮೇಲಿದ್ದ ಹಸಿರು ಗುಂಡಿಯನ್ನೇ ಒತ್ತಿದೆ. ದಿನವೂ ನಿಧಾನಕ್ಕೆ ವೇಗ ಹಿಡಿಯುತ್ತಿದ್ದ ಮೋಟಾರು ಒಮ್ಮೆಲೇ ಜಿಗಿಯಿತು. ಕಲ್ಲು ತಿರುಗಿಸುವ ಬೆಲ್ಟಿನ ಪಟ್ಟಾ ಕಳಚಿ, ಸುನಂದಾಳ ಕಿವಿಯ ಪಕ್ಕದಿಂದ ಹಾರಿ, ಗೋಡೆಗೆ ಬಡಿದು ಬಿತ್ತು.

ಅವಳು ಜೋಳದ ಚೀಲದ ಮೇಲೆ ಕುಸಿದಳು. ಗೌರವ್ವಜ್ಜಿ ಅವಳ ತಲೆ ಹಿಡಿದು ಕಿವಿಯನ್ನು ತಿರುಗಿಸಿ ನೋಡಿದಳು. ಗಾಯವಿರಲಿಲ್ಲ. ಹೆಂಗಸರು ಡಬ್ಬಿ ಎತ್ತಿಕೊಂಡು ಹೊರಟುಹೋದರು. ಸುನಂದಾ ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಸೀರೆಗೆ ಹತ್ತಿದ ಹಿಟ್ಟನ್ನು ಕೊಡವುತ್ತಲೇ ಇದ್ದಳು. ನೋಡಲಾಗದೆ, "ಮಿಸ್ತ್ರಿ ತಮ್ಮ ಪುಸ್ತಕದಾಗ ಸೆಟ್ಟಿಂಗ್ ಬರದಿಟ್ಟಿರ್ತಾರ, ತರ್ತೀನಿ" ಎಂದು ಶೇಡಬಾಳದ ಬಸ್ಸು ಹಿಡಿದೆ.

ಶೇಡಬಾಳದಲ್ಲಿ ಮಿಸ್ತ್ರಿಯವರ ಹೆಂಡತಿ ಪದ್ಮವ್ವ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು.

"ಬರ್ರಿ ಸರ. ಅಷ್ಟ ದೂರದಿಂದ ಬಂದ್ರಿ! ಮೂವತ್ತ ಊರಿನ ಗಿರಣಿ ನೋಡಿದ್ರು ಅವ್ರು. ದಿನದ ಕಾರ್ಯ ಮುಗದ ಮ್ಯಾಲೆ ಯಾರೂ ಬಂದಿಲ್ಲ, ನೀವ ಬಂದೀರಿ."

ನಾನು ದುಃಖ ಕೇಳಲು ಬಂದೆನೆಂದೇ ಅವರು ತಿಳಿದಿದ್ದರು. ಒಳಗೆ ಕೂಡಿಸಿ ಚಹಾ ಮಾಡಿಕೊಂಡು ಬಂದರು. ಗೋಡೆಯ ಗೂಡಿನಲ್ಲಿ ಎಣ್ಣೆ ಹತ್ತಿದ ರಟ್ಟಿನ ಪುಸ್ತಕವೊಂದು ನನ್ನ ಕಣ್ಣೆದುರಿಗೇ ಇತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ನಾನು ಚಹಾದ ಕಡೆ ನೋಡಿದೆ.

"ನಿಮ್ಮ ಗಿರಣಿ ಬರೋಬರಿ ನಡದೈತೇನ್ರಿ?" ಎಂದರು. "ಕೂಡಿಸಿದ ಮಷಿನ್ ನಿಂತ್ರ ಅವ್ರಿಗೆ ಊಟ ಸೇರತಿರಲಿಲ್ಲ."

"ಬರೋಬರಿ ನಡದೈತ್ರಿ, ವೈನಿ. ಅವ್ರ ಕೈ ಕೆಲಸ ಅಂದ್ರ ಏನ್ರಿ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೂ ಒಂದು ತಾಸು ಕೂತು, ಮಿಸ್ತ್ರಿಯವರ ಕುರಿತ ಮಾತು ಕೇಳಿ, ಬರಿಗೈಯಲ್ಲಿ ಎದ್ದು ಬಂದೆ. ಬಸ್ಸಿನ ಕಿಟಕಿಯಾಚೆ ಕಬ್ಬು ಮುಗಿಯುವಂತೆಯೇ ಇರಲಿಲ್ಲ. ಹೆಂಡತಿಗೆ ಏನು ಹೇಳುವುದೆಂದು ತೋಚಲಿಲ್ಲ.

ಮನೆಯ ಹತ್ತಿರ ಬಂದಾಗ ಗಿರಣಿ ನಡೆಯುತ್ತಿತ್ತು. ಸುನಂದಾ ಪಕ್ಕದ ಮನೆಯವರನ್ನು ಕರೆದು ಪಟ್ಟಾ ಏರಿಸಿದ್ದಳು. ವೇಗ ಹಿಡಿಯಲು ಇಪ್ಪತ್ತು ಸೆಕೆಂಡು. ದಿನಾ ಇಪ್ಪತ್ತು ಎಣಿಸಿದ ಮೇಲೇ ಅವಳು ಕಾಳು ಸುರಿಯುತ್ತಿದ್ದದ್ದು. ಓಡುವಾಗ ಆವರ್ತನ ನಲವತ್ತೆರಡು, ನಾಲ್ಕು ವರ್ಷ ಪರದೆಯ ಮೇಲೆ ಕಂಡದ್ದು ಅದೇ ಅಂಕಿ. ಕೈಪಿಡಿ ಮುಂದಿಟ್ಟುಕೊಂಡು ಎರಡನ್ನೂ ಹಾಕಿದ್ದಳು. "ಹಿಟ್ಟ ಬಿಸಿ ಬರಾಕ ಡ್ರೈವ್ ಕಾರಣ ಅಲ್ರಿ. ಕಲ್ಲ ಸವದಾವ, ಕುಟ್ಟಿಸಿ ಮತ್ತ ಚೂಪ ಮಾಡಸಬೇಕು" ಎಂದಳು. ಇದನ್ನೆಲ್ಲ ನಾನು ಅವಳನ್ನೇ ಕೇಳಬಹುದಿತ್ತು. ಹೊಳೆದಿರಲಿಲ್ಲ.

"ಪುಸ್ತಕ ಸಿಕ್ತೇನ್ರಿ?"

"ಕೇಳಲಿಲ್ಲ" ಎಂದು ನಡೆದದ್ದನ್ನು ಹೇಳಿದೆ.

ಅವಳು ಹಿಟ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು. ಆಮೇಲೆ, "ಇವತ್ತ ಒಂದ ಕೆಲಸ ಬರೋಬರಿ ಮಾಡಿದ್ರಿ" ಎಂದಳು.

ಮದುವೆಯಾದ ಮೇಲೆ ಅವಳ ಬಾಯಿಂದ ಇಂಥ ಮಾತು ಕೇಳಿದ್ದು ಇದೇ ಮೊದಲು. ಅದೂ ನಾನು ಮಾಡದೆ ಬಿಟ್ಟ ಕೆಲಸಕ್ಕೆ.