ನಿಯಾಜ್ ಮಿಸ್ತ್ರಿಯವರ ಜೇಬಿನಲ್ಲಿರುವ ಟೆಸ್ಟರ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ನಿಯಾಜ್ ಮಿಸ್ತ್ರಿಯವರ ಅಂಗಿಯ ಎಡಜೇಬಿನಲ್ಲಿ, ಬೀಡಿ ಕಟ್ಟಿಗೂ ಮೊಬೈಲಿಗೂ ನಡುವೆ, ಹಳದಿ ಹಿಡಿಯನ್ನಷ್ಟೇ ಹೊರಗೆ ಹಾಕಿಕೊಂಡು ಕಾಯಂ ಆಗಿ ವಾಸವಾಗಿರುವ ತಮಗೆ, ರಾಮನಗರದ ರೇಷ್ಮೆ ರೀಲರ್ ಸಮದ್ ಅವರ ಹೆಂಡತಿ ತಾಹೇರಾ ಮಾಡುವ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವೇ, ಆದರೆ ಅದರಲ್ಲಿ ತಮ್ಮ ಪಾತ್ರ ಬಹಳ ಕಡಿಮೆ. ಗುಟ್ಟಾಗಿ ಬರೆಯೋಣವೆಂದರೆ ತಮ್ಮ ವಿಳಾಸ ಇನ್ನೊಬ್ಬರ ಎದೆಯ ಮೇಲಿದೆ. ಆದ್ದರಿಂದ ಊರೆಲ್ಲ ಓದುವಂತೆ ಬರೆಯಬೇಕಾಯಿತು, ಮನ್ನಿಸಬೇಕು.

ಮೊದಲು ತಮ್ಮ ಮಹಿಮೆಯನ್ನು ಹೇಳಿ ಆಮೇಲೆ ದೂರಿಗೆ ಬರುವುದು ಮರ್ಯಾದೆ. ನಮ್ಮ ಮೊಹಲ್ಲಾದಲ್ಲಿ ಆಟೋ ಓಡಿಸುವುದಕ್ಕೂ ಲೈಸೆನ್ಸ್ ಬೇಕು, ಸೂಜಿ ಚುಚ್ಚುವುದಕ್ಕೂ ನರ್ಸು ಓದಿರಬೇಕು; ಆದರೆ ತಮ್ಮನ್ನು ಜೇಬಿಗೆ ಸಿಕ್ಕಿಸಿಕೊಂಡವರು ಅದೇ ಗಳಿಗೆಯಿಂದ ಎಲೆಕ್ಟ್ರಿಷಿಯನ್. ನಿಯಾಜ್ ಭಾಯಿ ಮೊದಲು ಮದುವೆ ಮನೆಗಳಿಗೆ ಸೀರಿಯಲ್ ಸೆಟ್ ಕಟ್ಟುತ್ತಿದ್ದರು, ಚೆನ್ನಾಗಿಯೇ ಕಟ್ಟುತ್ತಿದ್ದರು. ಒಂದು ದಿನ ತಾವು ಅವರ ಜೇಬು ಸೇರಿದಿರಿ, ಅವರು ಮಿಸ್ತ್ರಿಯಾದರು. ನಮ್ಮ ಯಜಮಾನರಿಗೆ ಅವರು ಬಾಲ್ಯದ ಗೆಳೆಯ ಬೇರೆ. ಗೆಳೆತನ, ಟೆಸ್ಟರ್ ಎರಡೂ ಕೂಡಿದ ಮೇಲೆ ಪರ್ಮಿಟ್ ತೋರಿಸಿ ಎಂದು ಕೇಳುವ ಅಪಚಾರ ಯಾರು ಮಾಡುತ್ತಾರೆ?

ನಮ್ಮದು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಸಣ್ಣ ಶೆಡ್ಡು. ನೆಲ ಸದಾ ಒದ್ದೆ, ಕೈ ಸದಾ ಬಿಸಿನೀರಿನ ಬೇಸಿನ್ನಿನಲ್ಲಿ, ಪಕ್ಕದಲ್ಲೇ ರಾಟೆ ತಿರುಗಿಸುವ ಮೋಟರು, ಎಲ್ಲಕ್ಕೂ ಕಬ್ಬಿಣದ ಸ್ಟ್ಯಾಂಡು. ಇಂಥ ಕಡೆ ಪದೇಪದೇ ತಾನಾಗಿ ಬೀಳುವ ಒಂದು ಸ್ವಿಚ್ಚು ನಮ್ಮ ಮೇನ್ ಬೋರ್ಡಿನಲ್ಲಿತ್ತು. ಅದು ಬಿದ್ದಾಗಲೆಲ್ಲ ರಾಟೆ ನಿಂತು ಎಳೆ ತುಂಡಾಗುತ್ತಿತ್ತು. ನಿಯಾಜ್ ಭಾಯಿ ಬಂದು, ತಮ್ಮಿಂದಲೇ ಅದರ ತಿರುಪು ಬಿಚ್ಚಿ, ಸ್ವಿಚ್ಚನ್ನು ಕಿತ್ತು ಪಕ್ಕಕ್ಕಿಟ್ಟು, ಲೈನನ್ನು ನೇರ ಕೊಟ್ಟುಬಿಟ್ಟರು. ಅಂದಿನಿಂದ ಸ್ವಿಚ್ಚು ಬೀಳುವ ಮಾತೇ ಇಲ್ಲ. ಸೋರುವ ಕರೆಂಟನ್ನು ಹಿಡಿಯಲೆಂದೇ ಆ ಸ್ವಿಚ್ಚು ಬೀಳುತ್ತಿತ್ತು ಎಂಬ ಚಿಲ್ಲರೆ ವಿಷಯ ಯಾರಿಗೂ ನೆನಪಾಗಲಿಲ್ಲ. ನಮ್ಮ ಯಜಮಾನರು ಅವರಿಗೆ ಬಿರಿಯಾನಿ ಊಟ ಹಾಕಿಸಿದರು, ಬಡಿಸಿದವಳು ನಾನೇ.

ಅಲ್ಲಿಂದಾಚೆಗೆ ಬೇಸಿನ್ನಿಗೆ ಕೈಯಿಟ್ಟರೆ ಸಣ್ಣಗೆ ಜುಮ್ಮೆನ್ನತೊಡಗಿತು. ಆದರೆ ಮಾನ್ಯರೇ, ನೂಲು ಬಿಚ್ಚುವವರ ಬೆರಳುಗಳು ವರ್ಷಗಟ್ಟಲೆ ಬಿಸಿನೀರಿನಲ್ಲಿ ಬೆಂದು ಜಡ್ಡುಗಟ್ಟಿರುತ್ತವೆ. ಜುಮ್ಮೆಂದರೆ ನಾವು ಬೈಯುವುದು ನೀರನ್ನು. ಕೈಲಾಂಚದಿಂದ ದಿನಾ ಬಸ್ಸಿನಲ್ಲಿ ಬರುವ, ನಮ್ಮ ಶೆಡ್ಡಿನ ಹಿರಿಯ ಕೆಲಸಗಾರ್ತಿ ಮುನಿಯಮ್ಮ, ಹೊಸದಾಗಿ ಸೇರಿದ ಹೆಂಗಸರಿಗೆಲ್ಲ "ನೀರಿನ ಕಾವು ಕಣವ್ವ, ಒಂದ್ ವಾರಕ್ಕೆ ಪಳಗ್ತದೆ" ಎಂದು ಧೈರ್ಯ ಹೇಳುತ್ತಿದ್ದರು. ಹೀಗೆ ನಾವೆಲ್ಲ ಕರೆಂಟಿಗೆ ಪಳಗಿಕೊಂಡು ಬದುಕಿದೆವು.

ಪಳಗದೆ ಉಳಿದದ್ದು ಬಕ್ರೀದಿಗೆಂದು ತಂದ ಹೋತ ಒಂದೇ. ಅದನ್ನು ಶೆಡ್ಡಿನಲ್ಲಿ ಕಟ್ಟಿ, ಮುನಿಯಮ್ಮ ಊರಿಂದ ತಂದ ಹಿಪ್ಪುನೇರಳೆ ಸೊಪ್ಪನ್ನು ಸ್ಟ್ಯಾಂಡಿಗೆ ನೇತುಹಾಕಿದೆವು. ಹೋತ ಮೂತಿ ಚಾಚಿತು, ಕಬ್ಬಿಣ ತಗುಲಿತು, ಎಗರಿ ಹಿಂದಕ್ಕೆ ಬಿತ್ತು. ಆಮೇಲೆ ಆ ಕಡೆ ಮುಖ ಹಾಕಲಿಲ್ಲ. ನಮ್ಮ ಯಜಮಾನರು ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಮುನಿಯಮ್ಮ ಸೊಪ್ಪನ್ನು ಕೆಳಗೆ ಹಾಕಿದ ಕೂಡಲೇ ಅದು ಒಂದು ಕಡ್ಡಿ ಬಿಡದೆ ತಿಂದಿತು. ನನಗೆ ಅನುಮಾನ ಬಂದು ನಿಯಾಜ್ ಭಾಯಿಯನ್ನು ಕರೆಸಿದೆ.

ಇನ್ನು ತಮ್ಮ ಸರದಿ. ಅವರು ತಮ್ಮನ್ನು ಜೇಬಿನಿಂದ ತೆಗೆದು ಸ್ಟ್ಯಾಂಡಿಗೆ ಮುಟ್ಟಿಸಿದರು. ತಾವು ಬೆಳಗಿದಿರಿ! ಹೊಟ್ಟೆಯೊಳಗಿನ ಆ ಪುಟ್ಟ ಕೆಂಪು ದೀಪ ಹತ್ತಿಸಿಕೊಂಡು, ಸುಳ್ಳಾಡದೆ, ಇಲ್ಲಿ ಕರೆಂಟಿದೆ ಎಂದು ಹೇಳಿದಿರಿ. ನಿಯಾಜ್ ಭಾಯಿಯ ಮುಖವೂ ಬೆಳಗಿತು. "ನೋಡಿ ಭಾಬಿ, ಹೆಂಗ್ ಹತ್ತೈತೆ! ನಿಮ್ ಶೆಡ್ಡಲ್ಲಿ ಕರೆಂಟಿಗೆ ಬರ ಇಲ್ಲ, ಮೂಲೆಮೂಲೇಲೂ ಐತೆ," ಎಂದರು. ಗೂಡು ಬೇಯುವ ಕಡೆ ಕರೆಂಟು ಯಾಕಿರಬೇಕು ಎಂದು ಕೇಳಿದ್ದಕ್ಕೆ, "ಒಸಿ ಲೀಕು ಎಲ್ಲಾ ಕಡೆ ಇರ್ತದೆ, ಚಪ್ಪಲಿ ಹಾಕ್ಕಂಡ್ರೆ ಏನೂ ಆಗಾಕಿಲ್ಲ," ಎಂದು ಔಷಧಿಯನ್ನೂ ಬರೆದುಕೊಟ್ಟರು. ಸಂಜೆಯೊಳಗೆ ಎಲ್ಲ ಹೆಂಗಸರಿಗೂ ರಬ್ಬರ್ ಚಪ್ಪಲಿ ಬಂತು. ಹೋತಕ್ಕೆ ಮಾತ್ರ ಅಳತೆ ಸಿಗಲಿಲ್ಲ.

ಪರ್ಮಿಟ್ ಇರುವ ವೈರ್‌ಮನ್ ಯಾರನ್ನಾದರೂ ಕರೆಸಿ ಎಂದು ನಾನು ಕುಂತರೂ ನಿಂತರೂ ಯಜಮಾನರ ತಲೆ ತಿಂದೆ. ಅವರ ಸಂಕಟವೂ ಸುಳ್ಳಲ್ಲ. ಮಾರುಕಟ್ಟೆಯಿಂದ ತಂದ ಹಸಿಗೂಡು ಮೂಟೆಗಟ್ಟಲೆ ಕೂತಿತ್ತು. ಮೇನ್ ಆರಿಸಿ ಕೆಲಸ ನಿಲ್ಲಿಸಿದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಹೊಡೆದುಕೊಂಡು ಹೊರಡುತ್ತದೆ, ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. "ಈ ಗೂಡು ಮುಗೀಲಿ, ಆಮೇಲೆ ನೋಡನ," ಎಂದರು. ಗೂಡು ಮುಗಿಯುವ ಮೊದಲೇ ಹೊಸ ಗೂಡು ಬರುತ್ತಿತ್ತು. ನೂಲಿನ ಕಾರ್ಖಾನೆಯಲ್ಲಿ ಆಮೇಲೆ ಎನ್ನುವ ದಿನ ಬರುವುದೇ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಮುನಿಯಮ್ಮನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬರಿಗಾಲಿನಲ್ಲೇ ಬಂದು, ತುಂಡಾದ ಎಳೆ ಹಿಡಿಯಲು ಬೇಸಿನ್ನಿಗೆ ಕೈಯಿಟ್ಟರು. ಕೂಗಲಿಲ್ಲ, ಕದಲಲಿಲ್ಲ. ನನಗೆ ಮೊದಲು ಕಂಡದ್ದು ಅವರ ಕಣ್ಣು. ಯಜಮಾನರು ಮರದ ಮಣೆಯಿಂದ ಅವರ ತೋಳಿಗೆ ಹೊಡೆದು ಬಿಡಿಸಿದರು, ನಾನು ಓಡಿಹೋಗಿ ಮೇನ್ ಆರಿಸಿದೆ. ಮಾನ್ಯರೇ, ಇಷ್ಟು ಹೊತ್ತು ನಗಾಡಿಕೊಂಡು ಬರೆದೆ, ಇದೊಂದು ಕಡೆ ನನ್ನಿಂದಾಗದು. ಆಕೆ ಬದುಕಿದ್ದಾರೆ, ಆದರೆ ಬಲಗೈಯ ಎರಡು ಬೆರಳಿಗೆ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ. ಕೂದಲಿಗಿಂತ ಸಣ್ಣ ಎಳೆಯನ್ನು ಹಿಡಿದು ಸಂಸಾರ ಸಾಕಿದ ಬೆರಳು ಅವು. 

ಆರಿಸಿದ ಮೇನನ್ನು ಮತ್ತೆ ಯಾರೂ ಹಾಕದಂತೆ ಬೋರ್ಡಿನ ಮುಂದೆಯೇ ಮಣೆ ಹಾಕಿಕೊಂಡು ಕೂತೆ. ಅಲ್ಲಿಂದಲೇ ಫೋನ್ ಮಾಡಿ ನಾನು ಕರೆಸಿದ, ಕೂಟಗಲ್ಲಿನ ಭಾನುಪ್ರಿಯ ಎಂಬಾಕೆ ಸ್ಕೂಟರಿನಲ್ಲಿ ಬಂದರು. ಐಟಿಐ ಓದಿದವರು, ಪರ್ಮಿಟ್ ಉಳ್ಳವರು, ಬಾಯಿಯೂ ಉಳ್ಳವರು. ಮೋಟರನ್ನೂ ನೋಡದೆ ಮೊದಲು ಅರ್ತ್ ವೈರು ಹಿಡಿದುಕೊಂಡೇ ಹೊರಟರು. ಅಪಾಯದ ಕರೆಂಟನ್ನು ನೆಲಕ್ಕಿಳಿಸಬೇಕಾದ ಆ ಹಸಿರು ವೈರು ಗೋಡೆಗುಂಟ ಅಂದವಾಗಿ ಸಾಗಿ, ಹಿತ್ತಿಲಿನ ನಲ್ಲಿಯ ಪೈಪಿಗೆ ಮೂರು ಸುತ್ತು ಸುತ್ತಿಕೊಂಡು ನಿಂತಿತ್ತು. ಪೈಪು ಪ್ಲಾಸ್ಟಿಕ್ಕಿನದು. "ಹಸ ಕಟ್ಟಿದಂಗೆ ಕಟ್ಟವ್ರಲ್ಲ! ನಲ್ಲಿ ಓಡೋಗ್ತದೆ ಅಂತ ಭಯನಾ?" ಎಂದರು ಆಕೆ. ಗೆಳೆಯ ಕಟ್ಟಿದ ಆ ಮೂರು ಸುತ್ತನ್ನು ಯಜಮಾನರು ತಮ್ಮ ಕೈಯಾರೆ ಬಿಚ್ಚಿದರು.

ಗುಂಡಿ ತೋಡಿ ನಿಜವಾದ ಅರ್ತ್ ಕೂರಿಸಿ, ಒಳಗೇ ಸುಟ್ಟು ಕರೆಂಟು ಸೋರಿಸುತ್ತಿದ್ದ ಮೋಟರು ಬದಲಿಸಿ, ಬೀಳುವ ಸ್ವಿಚ್ಚನ್ನು ಮತ್ತೆ ಗದ್ದುಗೆಗೇರಿಸುವವರೆಗೆ ಗೂಡುಗಳು ಕಾಯಲಿಲ್ಲ. ಹಾರಲಾರದ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತ ಶೆಡ್ಡಿನ ಗೋಡೆಯೆಲ್ಲ ಹತ್ತಿದವು. 

ಮುನಿಯಮ್ಮನನ್ನು ಮತ್ತೆ ಕೆಲಸಕ್ಕೆ ಕರೆಯಲು ಹೋದರೆ ಆಕೆ ಒಂದೇ ಷರತ್ತು ಹಾಕಿದರು: "ಯಜಮಾನ್ರೂ ಆ ಮಿಸ್ತ್ರಿನೂ ಬರಿಗಾಲಲ್ಲಿ ನಿಂತು ಮೊದ್ಲು ಬೇಸಿನ್ನಿಗೆ ಕೈ ಹಾಕ್ಲಿ. ಆಮೇಕೆ ನಾ ಬತ್ತೀನಿ." ನಮ್ಮ ಯಜಮಾನರು ಪ್ಯಾಂಟು ಮಡಚಿ, ಬಿಸ್ಮಿಲ್ಲಾ ಎಂದು ಕೈಯಿಟ್ಟರು. ಏನೂ ಆಗಲಿಲ್ಲ. ನಿಯಾಜ್ ಭಾಯಿಗೆ ಅದೇ ಬೆಳಿಗ್ಗೆ ಮಾಗಡಿಯಲ್ಲಿ ತುರ್ತು ಕೆಲಸ ಬಂದಿತ್ತು. ಮಾಗಡಿಗೆ ರೈಲಿಲ್ಲ, ಇದ್ದಿದ್ದರೆ ಇನ್ನೂ ಬೇಗ ತಲುಪುತ್ತಿದ್ದರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ಇನ್ನು ಮುಂದೆ ಬರೀ ಬೆಳಗಬೇಡಿ, ದಯಮಾಡಿ ಕಿರುಚಿ. ಪರ್ಮಿಟ್ ಇಲ್ಲದ ಜೇಬಿಗೆ ಯಾರಾದರೂ ಸಿಕ್ಕಿಸಿದರೆ ಅಲ್ಲಿಂದ ಹಾರಿ ಚರಂಡಿಗೆ ಬೀಳಿ. ಅದೂ ಕಷ್ಟವೆಂದರೆ ತಾವೇ ಐಟಿಐ ಸೇರಿ ಪಾಸಾಗಿ, ತಮ್ಮನ್ನು ಹಿಡಿದವರಿಗೆ ರಾತ್ರಿ ಪಾಠ ಹೇಳಿಕೊಡಿ. ಅಂದು ನಮ್ಮ ಶೆಡ್ಡಿನಲ್ಲಿ ನಿಜ ಹೇಳಿದವರು ತಾವು ಮತ್ತು ಹೋತ, ಇಬ್ಬರೇ. ಇಬ್ಬರ ಮಾತೂ ನಮಗೆ ತಿಳಿಯಲಿಲ್ಲ.

ತಮ್ಮ ಕೆಂಪು ದೀಪದಲ್ಲಿ ಇನ್ನೂ ಒಸಿ ನಂಬಿಕೆ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ತಾಹೇರಾ

ತಾ.ಕ.: ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ನನ್ನ ನಾದಿನಿ ಅತಿಯಾಳ ಮನೆಗೆ ತಮ್ಮ ಸವಾರಿ ಈ ವಾರ ಹೊಸ ಮೋಟರು ಕೂರಿಸಲು ಹೊರಟಿದೆಯೆಂದು ತಿಳಿಯಿತು. ಬಹಳ ಸಂತೋಷ. ಭಾನುಪ್ರಿಯ ಅವರ ನಂಬರನ್ನು ಆಕೆಗೆ ಆಗಲೇ ಕೊಟ್ಟಿದ್ದೇನೆ. ಆದರೂ ಅಣ್ಣನ ಗೆಳೆಯ ಬಾಗಿಲಿಗೆ ಬಂದರೆ ಹೇಗೆ ಇಲ್ಲವೆನ್ನಲಿ ಎಂದಳು. ಇಲ್ಲವೆನ್ನಬೇಡ ಎಂದು ಹೇಳಿಕೊಟ್ಟಿದ್ದೇನೆ: ನೆಲ ತೊಳೆದಿಡು, ಕೂರಿಸಿ ಚಹಾ ಕೊಡು, ಮೋಟರು ಹಾಕಿದ ಮೇಲೆ ಮೊದಲು ಅವರೇ ಮುಟ್ಟಲಿ, ಚಪ್ಪಲಿ ಮಾತ್ರ ಬಾಗಿಲಲ್ಲೇ ಬಿಡಿಸು.