ದುಂಡು ಲೆಕ್ಕದ ಮಾಸ್ತರ

ಲೆಕ್ಕದ ಮಾಸ್ತರರು ನಗುವುದಿಲ್ಲ ಎನ್ನುವವರು ಒಮ್ಮೆ ನನ್ನ ಕ್ಲಾಸಿಗೆ ಬರಬೇಕು. ದಿನಾ ಗೋಕಾಕದಿಂದ ಬಸ್ ಹತ್ತಿ, ಹುಕ್ಕೇರಿ ಕಡೆಯ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ, ಡಬಲ್ ಇಂಟಿಗ್ರಲ್ ಅನ್ನು ಎಕ್ಸ್-ವೈಯಿಂದ ಪೋಲಾರ್‌ಗೆ, ಅಂದರೆ ಚೌಕದ ಅಳತೆಯಿಂದ ದುಂಡಗಿನ ಅಳತೆಗೆ, ತಿರುಗಿಸುವುದನ್ನು ಕಲಿಸುತ್ತೇನೆ. ಪ್ರತಿ ವರ್ಷ ಅದೇ ಪಾಠ, ಹೊಸ ಫಜೀತಿ. ಈ ವರ್ಷ ಮಾತ್ರ ನನಗೆ ನಗು ಬೇಡವಾಗಿತ್ತು. ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಹುಡುಗರ ಮುಂದೆ ಅಳು ಬಾರದಿದ್ದರೆ ಸಾಕು ಎನ್ನುವುದೊಂದೇ ಚಿಂತೆ.

ಮೂರು ಸುತ್ತು

ಇದು ಹೋದ ವರ್ಷದ್ದು. ಮೂಡಲಗಿಯ ಹುಡುಗಿಯೊಬ್ಬಳು ವೃತ್ತದ ಲೆಕ್ಕದಲ್ಲಿ ಥೀಟಾ ಕೋನವನ್ನು ಸೊನ್ನೆಯಿಂದ ಆರು ಪೈವರೆಗೆ ಒಯ್ದಿದ್ದಳು. ಎರಡು ಪೈಗೇ ಒಂದು ಸುತ್ತು ಮುಗಿಯುತ್ತದೆ.

"ಮೂರು ಸಲ ಯಾಕ ಸುತ್ತಿಸಿದೆವ್ವಾ?" ಎಂದೆ.

"ಒಂದ ಸುತ್ತಿಗೆ ಪುಣ್ಯಾ ಬರತೈತೇನ್ರಿ, ಸರ್?"

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ರೀ, ಪಾಸ್ ಮಾಡ್ರಿ ಅಕಿನ. ಲೆಕ್ಕ ಇಲ್ಲಂದ್ರೂ ಭಕ್ತಿ ಐತಿ."

ರೊಟ್ಟಿ

ನನ್ನ ಪಾಠದ ಬಗ್ಗೆ ಅವಳಿಗೆ ಗೌರವ ಕಡಿಮೆಯೇ. ಒಮ್ಮೆ ಅಡುಗೆಮನೆಯಲ್ಲಿ ಕೂತು ವಿವರಿಸಿದೆ: "ದುಂಡನ್ನ ಜಾಗಾ ಚೌಕ ಚೌಕ ಮಾಡಿ ಅಳದ್ರ ಅಂಚಿನಾಗ ತ್ರಾಸ ಆಗತೈತಿ. ಅದಕ್ಕ ನಡುವಿಂದ ಹೊರಗ ಹೋಗಬೇಕು, ಸುತ್ತ ತಿರಗಬೇಕು."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ರೀ, ಇಷ್ಟಕ್ಕ ಪಗಾರ ಕೊಡ್ತಾರೇನ್ ನಿಮಗ? ನಾ ದಿನಾ ಎರಡ ಹೊತ್ತು ಇದನ್ನ ಮಾಡ್ತೇನಿ."

ಬಿಟ್ಟುಹೋದದ್ದು

ಅವಳು ತೀರಿಕೊಂಡಾಗ ಹಾಕಿದ್ದ ರಜೆ ಮುಗಿಸಿ ಕ್ಲಾಸಿಗೆ ಹೋದೆ. ಪೋಲಾರ್‌ಗೆ ತಿರುಗಿಸುವಾಗ ಡಿಎಕ್ಸ್ ಡಿವೈ ತೆಗೆದ ಜಾಗದಲ್ಲಿ ಡಿಆರ್ ಡಿಥೀಟಾ ಬರೆದರಷ್ಟೇ ಸಾಲದು, ಜೊತೆಗೆ ಇನ್ನೊಂದು ಆರ್ ಹಚ್ಚಬೇಕು. ಹುಡುಗರು ಅದನ್ನು ಮರೆಯುವುದೇ ಹೆಚ್ಚು. ಅದಕ್ಕೇ ರಜೆಗೆ ಮೊದಲೇ ಹೇಳಿಕೊಟ್ಟಿದ್ದೆ: "ಹಿರಿಯಾರ ಜೋಡಿ ಮಾತಾಡುವಾಗ ರಿ ಹಚ್ಚೂದಿಲ್ಲೇನ್ರಪಾ? ಇದಕ್ಕೂ ಹಂಗ." ಅಂದಿನಿಂದ ಅವರು ಅದನ್ನು 'ರೀ' ಎಂದೇ ಕರೆಯುತ್ತಿದ್ದರು. ಅವತ್ತು ಬೋರ್ಡಿನ ಮೇಲೆ ನಾನೇ ಅದನ್ನು ಬಿಟ್ಟೆ.

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ರೀ ಇಲ್ರಿ."

ಇಪ್ಪತ್ತಾರು ವರ್ಷ ಮನೆಯಲ್ಲಿ ನನಗಿದ್ದ ಹೆಸರು ಅದೊಂದೇ. ಹಾಗೆ ಕರೆಯುವವಳು ಈಗ ಇಲ್ಲ. ಸೀಮೆಸುಣ್ಣ ಹಿಡಿದುಕೊಂಡೇ, ಇಡೀ ಕ್ಲಾಸಿನ ಮುಂದೆ, ತಡೆಯಲಾಗದೆ ಗಳಗಳ ಅತ್ತುಬಿಟ್ಟೆ.

ಹಿಂದಿನ ಬೆಂಚಿನಿಂದ ಯಮಕನಮರಡಿಯ ಹುಡುಗನೊಬ್ಬ ಗಾಬರಿಯಾಗಿ ಎದ್ದು ನಿಂತ.

"ಸರ್, ಅಳಬ್ಯಾಡ್ರಿ! ನಾವೆಲ್ಲಾ ದಿನಾ ಬಿಡ್ತೇವ್ರಿ. ಒಂದ ಮಾರ್ಕ್ಸ್ ಅಷ್ಟ ಹೋಗೂದ್ರಿ!"