ಅಂಕ ಬೇಡ, ಚಟುವಟಿಕೆ ತೋರಿಸಿ

ಮಾತು ಜಾಸ್ತಿಯಾದವರಿಗೆ ಫಜೀತಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತಾಡದೆಯೇ ಆಗುತ್ತದೆ. ನಾನು ನನ್ನ ಪಾಡಿಗೆ ಒಂದು ಮೂಲೆಯಲ್ಲಿ ನಿಂತಿರುತ್ತೇನೆ, ಫಜೀತಿಯೇ ವಿಳಾಸ ವಿಚಾರಿಸಿಕೊಂಡು ಬರುತ್ತದೆ. ಪಿ.ಯು.ಸಿ. ಮುಗಿದ ಆ ಬೇಸಿಗೆಯಲ್ಲಂತೂ ವಾರಕ್ಕೊಂದರಂತೆ ಬಂತು.

ನನಗೆ ಬಂದದ್ದು ಎರಡನೇ ದರ್ಜೆ. ಅದೂ ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು ನಿಂತಂಥ ಎರಡನೇ ದರ್ಜೆ. ಅಪ್ಪಾಜಿ ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತರು. ನನ್ನ ಹಿಂದೆ ಓದುವವರು ಇನ್ನೂ ಮೂವರಿದ್ದರು. ಅಪ್ಪಾಜಿ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದರು: "ಸ್ಕಾಲರ್‌ಶಿಪ್ ಸಿಕ್ರೆ ಬಿ.ಎ. ಇಲ್ಲಾಂದ್ರೆ ಹರಿಹರ."

ಹರಿಹರ ಎಂದರೆ ಇಲ್ಲಿ ಊರಲ್ಲ, ಗಂಡಿನ ಮನೆ. ಗಂಡಿನ ತಂದೆ ಆಗಲೇ ಒಮ್ಮೆ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ನನ್ನ ಹೆಸರು ಕೇಳಿದರು, ಅವ್ವ ಹೇಳಿದಳು. ಓದು ಕೇಳಿದರು, ಅಪ್ಪಾಜಿ ಹೇಳಿದರು. ಅಡಿಗೆ ಬರುತ್ತದೆಯೇ ಎಂದು ಕೇಳಿದರು, ಮತ್ತೆ ಅವ್ವನೇ ಹೇಳಿದಳು. ನಾನು ನನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದೆ. "ಹುಡುಗಿ ಮಾತು ಕಡಿಮಿ. ನಮ್ಮನ್ಯಾಗೆ ಇಂಥದ್ದೇ ಬೇಕಾಗಿತ್ತು" ಎಂದು ಹೇಳಿ, ಕಾರಹುಣ್ಣಿಮೆ ಕಳೆದ ಮೇಲೆ ಮುಂದಿನ ಮಾತಿಗೆ ಬರುತ್ತೇವೆಂದು ಎದ್ದರು. ಜೀವನದಲ್ಲಿ ನಾನು ಮೊದಲನೇ ದರ್ಜೆಯಲ್ಲಿ ಪಾಸಾದ ಪರೀಕ್ಷೆ ಅದೊಂದೇ.

ಅಂಕ ನೋಡಿ ಕೊಡುವ ಸ್ಕಾಲರ್‌ಶಿಪ್ಪುಗಳ ಹತ್ತಿರ ನಾನು ಸುಳಿಯುವ ಹಾಗಿರಲಿಲ್ಲ. ಆಗ ಬಂದವನು ನನ್ನ ಸೋದರಮಾವ. ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಊರಿನ ಸುದ್ದಿಯೆಲ್ಲ ಮೊದಲು ಅವನ ಕಿವಿಗೆ ಬಿದ್ದು ಆಮೇಲೆ ಪೇಪರಿಗೆ ಹೋಗುತ್ತಿತ್ತು. "ಈಗ ಮಾರ್ಕ್ಸು ಯಾರು ಕೇಳ್ತಾರೆ ತಾಯಿ? ಆಟ, ಹಾಡು, ನಾಟಕ, ಭಾಷಣ, ಇವು ಅದಾವೇನು ಅಂತ ಕೇಳ್ತಾರೆ. ದಾನಿಗಳೆಲ್ಲ ಬದಲಾಗ್ಯಾರೆ" ಎಂದ. ನನಗೆ ಇನ್ನಷ್ಟು ಹೆದರಿಕೆಯಾಯಿತು. ಅಂಕಗಳಾದರೂ ಒಂದಷ್ಟಿದ್ದವು.

ಮೊದಲ ಪ್ರಮಾಣಪತ್ರ

ಮಾಮ ತಂದುಕೊಟ್ಟ ಅರ್ಜಿಯಲ್ಲಿ 'ಪಠ್ಯೇತರ ಚಟುವಟಿಕೆಗಳು' ಎಂದು ಬರೆದು ಕೆಳಗೆ ಆರು ಗೆರೆ ಎಳೆದಿದ್ದರು. ಒಂದು ಮಧ್ಯಾಹ್ನವಿಡೀ ಆ ಆರು ಗೆರೆಗಳನ್ನು ನೋಡುತ್ತ ಕುಳಿತೆ. ರಂಗೋಲಿ ಎಂದು ಬರೆದರೆ, ಅದು ಬೀದಿಯ ಎಲ್ಲರ ಮನೆಯಲ್ಲೂ ಇರುವುದೇ ಎಂದ ಮಾಮ. ನೀರು ಸೇದುವುದನ್ನು ಬರೆಯಲು ಅವ್ವ ಬಿಡಲಿಲ್ಲ.

ಕೊನೆಗೆ ನಾನು ಓದಿದ ಕಾನ್ವೆಂಟಿಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಒಬ್ಬ ಸಿಸ್ಟರ್; ಸುಳ್ಳು ಬರೆಯುವವರಲ್ಲ. ನನ್ನನ್ನು ನೆನಪಿಸಿಕೊಳ್ಳಲು ಅವರಿಗೆ ಹಾಜರಿ ಪುಸ್ತಕವೇ ಬೇಕಾಯಿತು. ಅದನ್ನು ತಿರುವಿ, ಬಹಳ ಹೊತ್ತು ಯೋಚಿಸಿ, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಮೊಹರು ಒತ್ತಿದರು.

ಮೊಹರು ನೋಡಿಯೇ ಮಾಮನಿಗೆ ಸಂತೋಷವಾಯಿತು. ಗೇಟು ದಾಟಿದ ಮೇಲೆ, ಏನು ಬರೆದಿದ್ದಾರೆ ಎಂದು ಕೇಳಿದ. ಹತ್ತು ವರ್ಷದಲ್ಲಿ ನಾನು ಯಾರಿಗೂ ಯಾವ ತೊಂದರೆಯನ್ನೂ ಕೊಟ್ಟಿಲ್ಲ ಎಂದು ಬರೆದಿದ್ದಾರೆ ಎಂದೆ.

ಮಾಮ ಕಾಗದವನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಹೇಳಿದ, "ಇದು ಚಟುವಟಿಕೆ ಅಲ್ಲ ಖರೆ. ಆದ್ರೆ ನಮ್ಮೂರಾಗೆ ಇದನ್ನ ಮಾಡಿದೋರು ಇನ್ನೊಬ್ರು ಸಿಗೋದು ಕಷ್ಟ."

ಟವಲಿನ ಕೆಳಗೆ

ಮಂಡಿಪೇಟೆಯಲ್ಲಿ ಮೂವರು ವರ್ತಕರು ಸೇರಿ ಒಂದು ವಿದ್ಯಾರ್ಥಿ ನಿಧಿ ಇಟ್ಟಿದ್ದರು. ಅವರಿಗೆ ಕಲೆ ಬೇಕಾಗಿತ್ತು. ಮಾಮ ನನ್ನ ಅರ್ಜಿಯಲ್ಲಿ ಧೈರ್ಯವಾಗಿ 'ಸಂಗೀತ' ಎಂದು ಬರೆದಿದ್ದ. ಅವ್ವ ಕುಟ್ಟುವಾಗ ಹಾಡುವ ಪದಗಳು ನನಗೂ ಬರುತ್ತಿದ್ದವು ಎನ್ನುವುದೇ ಅದಕ್ಕೆ ಆಧಾರ.

ಸಂದರ್ಶನ ಅಂಗಡಿಯ ಗಾದಿಯ ಮೇಲೆಯೇ. "ಬರ್ರಿ, ಕೂಡ್ರಿ" ಎಂದು ಶೇಂಗಾ ಚೀಲಗಳ ಮೇಲೆ ನಮ್ಮನ್ನು ಕೂರಿಸಿದರು. ನಾವು ಮೂವರು ಅರ್ಜಿದಾರರು. ಮೊದಲನೆಯವನು ಹಾರ್ಮೋನಿಯಂ ನುಡಿಸಿದ. ನಡುವೆ ಗಾಡಿ ಬಂತು, ಹಮಾಲರು ಚೀಲ ಇಳಿಸಿದರು, ಅವನು ನುಡಿಸುತ್ತಲೇ ಇದ್ದ. ಎರಡನೆಯವನು ಏಕಪಾತ್ರಾಭಿನಯ ಮಾಡಿದ. ಅವನು ಯುದ್ಧದಲ್ಲಿ ಬಿದ್ದು ಸಾಯುವ ಹೊತ್ತಿಗೆ ಗಿರಾಕಿಯೊಬ್ಬರು ಬಂದು, ದಾರಿಗೆ ಅಡ್ಡವಾಗಿದ್ದ ಅವನನ್ನು ದಾಟಿ ಒಳಗೆ ಹೋದರು. ನನ್ನ ಸರದಿ ಬಂದಾಗ ನಾನು ಹಾಡಿದೆ ಎಂದೇ ನನ್ನ ನಂಬಿಕೆ. ಪಕ್ಕದಲ್ಲಿ ಕುಳಿತಿದ್ದ ಮಾಮ, ಯಾವಾಗ ಶುರು ಮಾಡುತ್ತೀ ಎಂದು ಕೇಳಿದ.

ಇನ್ನು ತೀರ್ಮಾನ. ಯಾರು ಯಾರಿಗೆ ಒಲಿದರು ಎಂದು ಹೊರಗೆ ತಿಳಿದರೆ ಮನಸ್ತಾಪವಾಗುತ್ತದಲ್ಲ. ಅದಕ್ಕೆ ಅವರಿಗೆ ಗೊತ್ತಿದ್ದ ದಾರಿ ಒಂದೇ. ಹಿರಿಯ ವರ್ತಕರು ಹೆಗಲ ಮೇಲಿನ ಟವಲು ತೆಗೆದು ಹಾಸಿದರು. ಮೂವರೂ ಅದರ ಕೆಳಗೆ ಕೈ ಇಟ್ಟರು. ಪೇಟೆಯಲ್ಲಿ ದರ ಕುದುರಿಸುವುದು ಹೀಗೆಯೇ: ಬೆರಳು ಹಿಡಿದು, ಒತ್ತಿ, ಬಾಯಿ ಬಿಡದೆ. ಒಬ್ಬರು ತಲೆ ಅಲ್ಲಾಡಿಸಿದರು. ಇನ್ನೊಬ್ಬರು ಆಗುವುದಿಲ್ಲ ಎಂದು ಕೈ ಎಳೆದುಕೊಂಡು, ಮತ್ತೆ ಇಟ್ಟರು. ಮೂವರ ಮುಖದಲ್ಲೂ ಬೆವರು. ನನ್ನ ಬಿ.ಎ. ಆ ಟವಲಿನ ಕೆಳಗೆ ಒದ್ದಾಡುವುದನ್ನು ನಾನು ಉಸಿರು ಹಿಡಿದು ನೋಡಿದೆ.

ಕೊನೆಗೆ ಟವಲು ಎತ್ತಿದರು. ಮೂವರೂ ನಗುತ್ತಿದ್ದರು.

"ಯಾರಿಗೆ ಆತು ಯಜಮಾನ್ರೆ?" ಎಂದು ಮಾಮ ಕೇಳಿದ.

ಹಿರಿಯರು ತುಸು ಗಾಬರಿಯಾಗಿ ಉಳಿದಿಬ್ಬರ ಮುಖ ನೋಡಿದರು. "ಇವ್ರ ನಲವತ್ತು ಚೀಲ ಶೇಂಗಾ ನನಗಾತು ನೋಡು. ಕೈ ಒಳಗೆ ಹೋದ ಮ್ಯಾಲೆ ಹುಡುಗರದ್ದು ಮರ್ತೇ ಹೋತು."

ನಾಯಕಿ

ಇಷ್ಟಾದ ಮೇಲೆ ಮಾಮ ನನ್ನನ್ನು ಒಂದು ಯುವಕ ಸಂಘಕ್ಕೆ ಕರೆದೊಯ್ದ. ಸಂಘವೆಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಒಬ್ಬ ಅಧ್ಯಕ್ಷ, ಒಂದು ರಬ್ಬರ್ ಸ್ಟ್ಯಾಂಪು. ಅಧ್ಯಕ್ಷರು ಮಂಡಕ್ಕಿ ತಿನ್ನುತ್ತಿದ್ದವರು ಕೈ ಒರೆಸಿಕೊಂಡು, ಯಾವ ಐಟಂ ಬೇಕು ಎಂದು ಹೋಟೆಲಿನವರ ಹಾಗೆ ಕೇಳಿದರು. ನಾಟಕದ ಪ್ರಮಾಣಪತ್ರಗಳು ಖಾಲಿಯಾಗಿದ್ದವು, ಪ್ರಥಮ ಚಿಕಿತ್ಸೆಯವು ಮುದ್ರಣಕ್ಕೆ ಹೋಗಿದ್ದವು. ಉಳಿದಿದ್ದದ್ದು ಕಬಡ್ಡಿ ಮಾತ್ರ.

ಮಾಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇರಲಿ ಎಂದ. ಎರಡೇ ನಿಮಿಷದಲ್ಲಿ ನಾನು ಸಂಘದ ಕಬಡ್ಡಿ ತಂಡವನ್ನು ಎರಡು ವರ್ಷ ಮುನ್ನಡೆಸಿದ್ದೆ.

ನನಗೆ ತಡೆಯಲಾಗಲಿಲ್ಲ. ಇದ್ದ ಧೈರ್ಯವನ್ನೆಲ್ಲ ಕೂಡಿಸಿ, "ನಾನು ಕಬಡ್ಡಿ ಆಡೇ ಇಲ್ಲ" ಎಂದೆ.

ಅಧ್ಯಕ್ಷರು ಬಹಳ ಪ್ರೀತಿಯಿಂದ ಸಮಾಧಾನ ಹೇಳಿದರು, "ಅದಕ್ಯಾಕೆ ಚಿಂತಿ ತಂಗಿ? ನಮ್ಮ ತಂಡದೋರೂ ಆಡಿಲ್ಲ."

ಅಪ್ಪಾಜಿ ಆ ಪ್ರಮಾಣಪತ್ರವನ್ನು ಓದಿ, ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ಈಗಲೂ ಗಟ್ಟಿಯಾಗಿದೆ.

ಸಮಯದ ಬೆಲೆ

ಕಾರಹುಣ್ಣಿಮೆಗೆ ನಾಲ್ಕು ದಿನ ಉಳಿದಿತ್ತು. ಕಡೆಯ ಸ್ಕಾಲರ್‌ಶಿಪ್ಪು ಹರಿಹರದ್ದೇ. ಅಲ್ಲಿನ ದಾನಿಯೊಬ್ಬರು ತೀರಿಹೋದ ತಂದೆಯ ಹೆಸರಿನಲ್ಲಿ ಇಟ್ಟದ್ದು. ಅಂಕ ಕೇಳುವುದಿಲ್ಲ, ಭಾಷಣ ಸ್ಪರ್ಧೆಯಲ್ಲಿ ಗೆದ್ದವರಿಗೆ ಬಿ.ಎ. ಮುಗಿಯುವವರೆಗೆ ವಿದ್ಯಾರ್ಥಿವೇತನ. ವಿಷಯ: ಸಮಯದ ಬೆಲೆ. ಒಬ್ಬೊಬ್ಬರಿಗೆ ಐದು ನಿಮಿಷ. ಗಂಟೆ ಹೊಡೆದ ಮೇಲೆ ಒಂದಕ್ಷರ ಆಡಿದರೂ ಅನರ್ಹರು.

ನಾನು ಐದು ನಿಮಿಷದ ಭಾಷಣ ಬರೆದು ಬಾಯಿಪಾಠ ಮಾಡಿಕೊಂಡು ಹೋದೆ. ಮೂರು ಗಂಟೆಗೆಂದು ಹೇಳಿದ್ದ ಸಭೆಗೆ ಅಧ್ಯಕ್ಷರು ನಾಲ್ಕೂವರೆಗೆ ಬಂದರು. ವೇದಿಕೆಯ ಮೇಲೆ ಹನ್ನೊಂದು ಮಂದಿ ಗಣ್ಯರು. ನಾನು ತಲೆ ಎತ್ತುವವಳಲ್ಲ, ಮಾಮನೇ ಎಣಿಸಿ ಪಿಸುಗುಟ್ಟಿದ, "ಎಡಗಡೆಯಿಂದ ಒಂಬತ್ತನೇ ಕುರ್ಚಿ ನೋಡು ತಾಯಿ. ನಿನಗೆ ಮಾವ ಆಗೋರು." ಬಾಯಿಪಾಠ ಮಾಡಿದ್ದರಲ್ಲಿ ಅರ್ಧ ಅಲ್ಲೇ ಹೋಯಿತು.

ಸ್ವಾಗತ, ಹಾರ, ಹಾರ ಹಾಕಿದವರಿಗೂ ಹಾರ. ಹನ್ನೊಂದು ಮಂದಿಯಲ್ಲಿ ಏಳು ಮಂದಿ ಮಾತಾಡಿದರು. ಸಮಯ ಹಾಳು ಮಾಡಬಾರದು ಎಂಬುದನ್ನು ಅಧ್ಯಕ್ಷರೊಬ್ಬರೇ ಒಂದು ತಾಸು ವಿವರಿಸಿದರು. ನಮ್ಮೂರಿನ ಸ್ಪರ್ಧಿಗಳು ರೈಲು ತಪ್ಪೀತೆಂದು ಒಬ್ಬೊಬ್ಬರಾಗಿ ಎದ್ದು ಹೋದರು. ಸ್ಪರ್ಧೆ ಶುರುವಾದಾಗ ಉಳಿದವರು ಮೂವರು, ಇಬ್ಬರು ಹುಡುಗರು ಮತ್ತು ನಾನು.

ಮೊದಲನೆಯ ಹುಡುಗ ಒಳ್ಳೆಯ ತರಬೇತಿ ಪಡೆದವನು. ವೇದಿಕೆಯ ಒಬ್ಬೊಬ್ಬರನ್ನೂ ಬಿರುದು ಸಮೇತ ಸಂಬೋಧಿಸಿ ನಮಸ್ಕರಿಸಲು ಹೊರಟ. ಒಬ್ಬರನ್ನು ಬಿಟ್ಟರೂ ಮರುದಿನ ಊರಿನಲ್ಲಿ ತಿರುಗಾಡುವ ಹಾಗಿಲ್ಲ, ಅವನದೇನು ತಪ್ಪು? ಒಂಬತ್ತನೆಯವರು ಶಾಲು ಸರಿಮಾಡಿಕೊಂಡು ತಮ್ಮ ಹೆಸರಿಗೆ ಕಾಯುತ್ತಿದ್ದಂತೆ ಗಂಟೆ ಹೊಡೆಯಿತು. ಹುಡುಗ ಕಣ್ಣೀರಿಡುತ್ತ ಇಳಿದ. ಎರಡನೆಯವನು ಬೇಗ ಬೇಗ ಹೇಳಿದ, ಆದರೆ ಬಿರುದುಗಳನ್ನು ಹೆಚ್ಚು ಮಾಡಿದ. ಅವನೂ ಎಂಟರಲ್ಲೇ ನಿಂತ. ಒಂಬತ್ತನೆಯವರು ಆಸೆ ಬಿಟ್ಟು ಕಣ್ಣು ಮುಚ್ಚಿಕೊಂಡರು.

ನನ್ನನ್ನು ಮಾಮ ಹೆಚ್ಚುಕಡಿಮೆ ತಳ್ಳಿದ. ಬಾಯಿಪಾಠದ ಉಳಿದರ್ಧವೂ ಮೆಟ್ಟಿಲ ಮೇಲೆ ಹೋಯಿತು. ಎದುರಿನ ಗೋಡೆಯಲ್ಲಿ ಗಡಿಯಾರ ಕಾಣಿಸಿತು. "ಎಲ್ಲರಿಗೂ ನಮಸ್ಕಾರ. ಸಮಯ ಅಮೂಲ್ಯ. ಈಗ ಏಳು ಗಂಟೆ" ಎಂದೆ. ಕೈ ಮುಗಿದೆ. ಇಳಿದು ಬಂದೆ.

ಹಸಿದು ಕುಳಿತಿದ್ದ ಸಭೆ ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಗೆ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಎದ್ದು ಹೋದವು. ತೀರ್ಪುಗಾರರು ಬಹಳ ಯೋಚಿಸುವ ಅಗತ್ಯವಿರಲಿಲ್ಲ. ಮೂವರಲ್ಲಿ ವಿಷಯಕ್ಕೆ ಬಂದವಳು ಈ ಹುಡುಗಿ ಒಬ್ಬಳೇ ಎಂದು ಘೋಷಿಸಿ, ಮೊದಲ ಬಹುಮಾನ ನನಗೆ ಕೊಟ್ಟರು.

ಕಾರಹುಣ್ಣಿಮೆಯ ಮರುದಿನ ಗಂಡಿನ ತಂದೆ ಮನೆಗೆ ಬಂದರು. ಈ ಸಲ ಉಪ್ಪಿಟ್ಟು ಮುಟ್ಟಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಸ್ಕಾಲರ್‌ಶಿಪ್ಪಿನ ಕಾಗದ ಕೈಯಲ್ಲಿತ್ತು. ಅಪ್ಪಾಜಿ ಇನ್ನೂ ಎರಡು ಮನಸ್ಸಿನಲ್ಲಿದ್ದರು. ಒಳ್ಳೆಯ ಮನೆತನ, ಬಿಡುವುದು ಹೇಗೆ ಎಂದು ಹಿಂದಿನ ದಿನವೂ ಅವ್ವನ ಹತ್ತಿರ ಹೇಳಿದ್ದರು.

"ಬ್ಯಾಡ್ರಿ" ಎಂದರು ಬಂದವರು. "ಮಾತು ಕಡಿಮಿ ಅಂತ ಒಪ್ಪಿದ್ವಿ. ಭಾಷಣದಾಗೆ ಫಸ್ಟ್ ಬಂದ ಹುಡುಗೀನ ಸೊಸಿ ಮಾಡ್ಕೊಂಡು ನಮ್ಮನ್ಯಾಗೆ ಹೆಂಗೆ ಬಾಳ್ವೆ ಮಾಡಾದ್ರಿ?"

ಅಪ್ಪಾಜಿಗೆ ಮಾಮ ಎಲ್ಲವನ್ನೂ ಹೇಳಿದ್ದ. ಅವರು ನಿಧಾನವಾಗಿ ಕೇಳಿದರು, "ನೀವು ವೇದಿಕಿ ಮ್ಯಾಲೇ ಇದ್ರಂತಲ್ರಿ. ಆಕಿ ಮಾತಾಡಿದ್ದು ಏಳೇ ಮಾತು. ನೀವು ಕೇಳಿಲ್ಲೇನ್ರಿ?"

"ಎಲ್ಲಿ ಕೇಳಾದ್ರಿ, ನನಗೆ ನಿದ್ದಿ ಹತ್ತಿತ್ತು. ಚಪ್ಪಾಳಿ ಸದ್ದಿಗೆ ಎಚ್ಚರಾತು. ಮಂದಿ ಅಷ್ಟು ಖುಷಿಯಾಗಿ ಚಪ್ಪಾಳಿ ಹೊಡೀಬೇಕಂದ್ರೆ, ಆಕಿ ಎಷ್ಟೊತ್ತು ಮಾತಾಡಿ ಮುಗಿಸಿರಬೇಕು ನೀವೇ ಹೇಳ್ರಿ."